ಬಾನಲ್ಲಿ ಗುರುತು ಸಿಗದ ಬೆಳಕು: ಕೊಡಗಿನಲ್ಲಿ ಕಂಡವರು ಏನು ಬರೆದಿಡಬೇಕು, ತನಿಖೆ ಹೇಗೆ ನಡೆಯಬೇಕು

ಸಂಜೆ ಏಳೂಕಾಲು. ಮಡಿಕೇರಿಯ ರಾಜಾಸೀಟಿನ ಕಟಾಂಜನದ ಆಚೆ ಗುಡ್ಡಸಾಲಿನ ಮೇಲೆ ಒಂದು ಬೆಳಕು ನಿಂತಿದೆ. ಅಲುಗುತ್ತಿಲ್ಲ, ಸದ್ದಿಲ್ಲ. ಐದಾರು ನಿಮಿಷ ಬಿಟ್ಟು ನೋಡಿದರೆ ತಟ್ಟನೆ ಮಾಯ. ಅಷ್ಟರಲ್ಲಿ ನಾಲ್ಕು ಮೊಬೈಲಿನಲ್ಲಿ ವಿಡಿಯೋ ಆಗಿದೆ, ಮೂರು ವಾಟ್ಸ್ಆ್ಯಪ್ ಗುಂಪಿಗೆ ಹೋಗಿದೆ, 'ಹಾರುವ ತಟ್ಟೆ' ಅಂತ ಹೆಸರೂ ಇಟ್ಟಾಗಿದೆ. ಯಾರ ಬಳಿಯೂ ಇಲ್ಲದ್ದು ಮೂರೇ ಸಂಗತಿ: ಸರಿಯಾದ ಗಂಟೆ-ನಿಮಿಷ, ದಿಕ್ಕು, ದಿಗಂತದಿಂದ ಎಷ್ಟು ಮೇಲೆ ಎಂಬುದು. ಈ ಮೂರಿಲ್ಲದ ವರದಿಯನ್ನು ಎಂಥ ತಜ್ಞರ ತಂಡಕ್ಕೆ ಕೊಟ್ಟರೂ ಬಿಡಿಸಲಾಗುವುದಿಲ್ಲ.

ಬಾನಲ್ಲಿ ಕಂಡ ಗುರುತು ಸಿಗದ ವಸ್ತುಗಳ ವರದಿಗಳನ್ನು ತನಿಖೆ ಮಾಡುತ್ತಿದ್ದ 'ಬ್ಲೂ ಬುಕ್' ಯೋಜನೆಯನ್ನು ಅಮೆರಿಕದ ವಾಯುಪಡೆ 1969ರಲ್ಲಿ ಮುಚ್ಚಿದಾಗ ಕಡತದಲ್ಲಿ 12,618 ವರದಿಗಳಿದ್ದವು. 701ಕ್ಕೆ ವಿವರಣೆ ಸಿಕ್ಕಿರಲಿಲ್ಲ. ಈ 701ನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಕೆಲಸಕ್ಕೆ ಬಾರದ ಮಾಹಿತಿಯಿಂದಾಗಿ ಒಂದು ತೀರ್ಮಾನಕ್ಕೂ ಬರಲಾಗದೆ ಉಳಿದವು ಬೇರೆಯೇ ಇದ್ದವು ಎಂಬುದು ಯಾರ ನೆನಪಿನಲ್ಲೂ ಇಲ್ಲ. ನಾಸಾ ನೇಮಿಸಿದ ಸ್ವತಂತ್ರ ತಂಡ 2023ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯ ತಕರಾರೂ ಅದೇ: ಒಳ್ಳೆಯ ದತ್ತಾಂಶ ಇಲ್ಲ. ಆದ್ದರಿಂದ ಈ ಬರಹದ ದೊಡ್ಡ ಭಾಗ ಮೊದಲ ಅರ್ಧ ಗಂಟೆಯ ಬಗ್ಗೆಯೇ ಇದೆ.

ಕಂಡ ಕೂಡಲೇ

ಮೊದಲು ನಿಮ್ಮ ಜಾಗ ನೋಡಿಕೊಳ್ಳಿ. ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ. ಬೆಳಕಿನ ಬೆನ್ನು ಹತ್ತಿ ಕತ್ತಲಲ್ಲಿ ತೋಟದೊಳಗೆ ಇಳಿಯಬೇಡಿ; ಕೊಡಗಿನ ತೋಟದಲ್ಲಿ ರಾತ್ರಿ ಎದುರಾಗುವುದು ಆನೆ, ಅದಕ್ಕೆ ತನಿಖೆ ಬೇಕಾಗುವುದಿಲ್ಲ. ಲೇಸರ್ ಟಾರ್ಚು ಬಿಡಬೇಡಿ. ಅದು ವಿಮಾನವಾಗಿದ್ದರೆ ಪೈಲಟ್‌ನ ಕಣ್ಣು ಕೋರೈಸುತ್ತದೆ, ನಿಮ್ಮ ಮೇಲೆ ಕೇಸೂ ಬೀಳುತ್ತದೆ. ಕೋವಿಯ ಮಾತು ಹೇಳಲೇಬೇಕಿಲ್ಲ, ಆದರೂ ಹೇಳಿಬಿಡುವುದು ಒಳ್ಳೆಯದು: ಮೇಲೆ ಗುರಿ ಇಡಬೇಡಿ.

ಆಮೇಲೆ ಮೊಬೈಲಿನ ಧ್ವನಿಮುದ್ರಣ ಶುರು ಮಾಡಿ ಬಾಯಲ್ಲಿ ಹೇಳುತ್ತಾ ಹೋಗಿ. ಬರೆಯಲು ಹೋದರೆ ಕಣ್ಣು ಕೆಳಗಾಗುತ್ತದೆ. "ಏಳು ಹದಿನಾರು. ಬಿಳಿ ಬೆಳಕು ಒಂದೇ. ಸಿಲ್ವರ್ ಓಕ್ ಮರದ ತುದಿಯಿಂದ ಒಂದು ಮುಷ್ಟಿ ಬಲಕ್ಕೆ. ಮಿನುಗುತ್ತಿಲ್ಲ. ಸದ್ದಿಲ್ಲ. ಮೋಡ ಎಡದಿಂದ ಬಲಕ್ಕೆ ಹೋಗುತ್ತಿದೆ." ಇಷ್ಟು ಸಾಕು. ಏನು ಕಾಣುತ್ತಿದೆ ಎಂದು ಹೇಳಿ, ಅದು ಏನಿರಬಹುದು ಎಂದು ಹೇಳಬೇಡಿ. ಮುದ್ರಣದ ಆರಂಭದ ಸಮಯ ಮೊಬೈಲಿನಲ್ಲೇ ದಾಖಲಾಗಿರುವುದರಿಂದ ಪ್ರತಿ ಮಾತಿಗೂ ನಿಮಿಷ-ಸೆಕೆಂಡು ತಾನಾಗಿ ಸಿಗುತ್ತದೆ. ಕೈಗಡಿಯಾರ, ಗೋಡೆ ಗಡಿಯಾರ ನಂಬಬೇಡಿ, ಐದು ನಿಮಿಷ ಮುಂದಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ.

ಬೆಳಕು ನಿಜವಾಗಿ ಚಲಿಸುತ್ತಿದೆಯೇ ಎಂದು ತಿಳಿಯಲು ಅದನ್ನು ಒಂದು ಗಟ್ಟಿ ವಸ್ತುವಿಗೆ ತಾಗಿಸಿ ನೋಡಬೇಕು. ಮನೆಯ ಮಾಡಿನ ಅಂಚು, ಕರೆಂಟು ಕಂಬ, ಯಾವುದಾದರೂ ಆದೀತು. ತಲೆಯನ್ನು ಒಂದು ಗೋಡೆಗೋ ಕಂಬಕ್ಕೋ ಒರಗಿಸಿ ನಿಲ್ಲಿ. ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ಅದು ತೇಲಾಡಿದಂತೆ ಕಾಣುತ್ತದೆ. ಇದು ಕಣ್ಣಿನ ಸಹಜ ಗುಣ, ಕುಡಿದವರಿಗೆ ಮಾತ್ರ ಆಗುವುದಲ್ಲ. ಮೋಡ ಓಡುತ್ತಿದ್ದರೆ ನಕ್ಷತ್ರವೇ ಎದುರು ದಿಕ್ಕಿಗೆ ಓಡಿದಂತೆ ತೋರುತ್ತದೆ. ಮುಂಗಾರಿನ ಮೊದಲ ಮೋಡಗಳು ಬರುವ ವಾರಗಳಲ್ಲಿ ಈ ಮೋಸ ಹೆಚ್ಚು.

ಕೈಯಲ್ಲೇ ಇದೆ ಅಳತೆಗೋಲು

ಕೈಯನ್ನು ಪೂರ್ತಿ ಚಾಚಿ ಹಿಡಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮುಷ್ಟಿ 10 ಡಿಗ್ರಿ, ಹೆಬ್ಬೆರಳಿನಿಂದ ಕಿರುಬೆರಳಿನ ತುದಿಗೆ ಗೇಣು ಬಿಡಿಸಿದರೆ 20ರ ಆಸುಪಾಸು. ಹುಣ್ಣಿಮೆಯ ಚಂದ್ರ ಬರೀ ಅರ್ಧ ಡಿಗ್ರಿ, ಅಂದರೆ ಕಿರುಬೆರಳಿನ ಅರ್ಧಕ್ಕೆ ಮುಚ್ಚಿಹೋಗುತ್ತಾನೆ. ನಂಬಿಕೆ ಬರದಿದ್ದರೆ ಮುಂದಿನ ಹುಣ್ಣಿಮೆಗೆ ಮಾಡಿ ನೋಡಿ.

ಎತ್ತರ ಅಳೆಯುವಾಗ ಗುಡ್ಡದ ನೆತ್ತಿಯಿಂದಲ್ಲ, ಕಣ್ಣಿನ ಮಟ್ಟದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಬೇಕು. ಕೊಡಗಿನಲ್ಲಿ ನಿಜವಾದ ದಿಗಂತ ಎಲ್ಲಿ ಕಾಣುತ್ತದೆ? ಎದುರಿನ ಬೆಟ್ಟವೇ ಎಂಟು-ಹತ್ತು ಡಿಗ್ರಿ ಎದ್ದಿರುತ್ತದೆ. ಗುಡ್ಡದ ಮೇಲಿಂದ ಅಳೆದವರ ಲೆಕ್ಕದಲ್ಲಿ ಅಷ್ಟೂ ಕಳೆದುಹೋಗುತ್ತದೆ. ಮೊಬೈಲಿನ ಮಟ್ಟ ಅಳೆಯುವ ಆ್ಯಪ್ ಇದ್ದರೆ ಅದರ ಅಂಚನ್ನು ಬೆಳಕಿನತ್ತ ಗುರಿಯಿಟ್ಟು ಡಿಗ್ರಿ ಓದಿಕೊಳ್ಳಿ, ಇನ್ನೂ ನಿಖರ.

ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಅದು ಸುಲಭವಾಗಿ ಕೆಡುತ್ತದೆ. ಆಯಸ್ಕಾಂತದ ಮುಚ್ಚಳವಿರುವ ಕವರ್ ತೆಗೆಯಿರಿ. ಜೀಪಿನಿಂದ, ಕಬ್ಬಿಣದ ಗೇಟಿನಿಂದ ನಾಲ್ಕೈದು ಮೀಟರ್ ದೂರ ಬನ್ನಿ. ಹೆಗಲಲ್ಲಿ ಕೋವಿ ಇದ್ದರೆ ಇಳಿಸಿಟ್ಟು ಬನ್ನಿ. ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಎರಡು ಮೂರು ಸಲ ತಿರುಗಿಸಿ, ನಂತರ ಓದಿ. ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಕೊಡಗಿನಲ್ಲಿರುವ ವ್ಯತ್ಯಾಸ ಎರಡು ಡಿಗ್ರಿಯೊಳಗೇ ಇರುವುದರಿಂದ ಅದನ್ನು ಬಿಟ್ಟುಬಿಡಬಹುದು. ಧ್ರುವ ನಕ್ಷತ್ರ ಹಿಡಿದು ಉತ್ತರ ಗುರುತಿಸುವ ಹಳೆಯ ಉಪಾಯ ಇಲ್ಲಿ ಕಷ್ಟ: ಮಡಿಕೇರಿಯಿಂದ ಅದು ಕೇವಲ 12 ಡಿಗ್ರಿ ಎತ್ತರದಲ್ಲಿದೆ, ಗುಡ್ಡವೋ ಮರವೋ ಮಂಜೋ ಮುಚ್ಚಿರುತ್ತದೆ. ಐನ್‌ಮನೆ (ಕೊಡವರ ಮೂಲಮನೆ) ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಬೆಳಕು ಈಶಾನ್ಯದಲ್ಲಿತ್ತು ಎಂಬ ಹೇಳಿಕೆಯನ್ನು ಬರೆದುಕೊಳ್ಳಿ, ಲೆಕ್ಕಕ್ಕೆ ಮಾತ್ರ ಬಳಸಬೇಡಿ.

ಒಂದು ಎಚ್ಚರಿಕೆ. ದೂರ ಗೊತ್ತಿಲ್ಲದೆ ಗಾತ್ರ ಹೇಳಲಾಗದು, ಗಾತ್ರ ಗೊತ್ತಿಲ್ಲದೆ ದೂರ ಹೇಳಲಾಗದು, ಎರಡೂ ಇಲ್ಲದೆ ವೇಗ ಹೇಳಲಾಗದು. ಒಂದು ಡಿಗ್ರಿ ಅಗಲ ಕಾಣುವ ವಸ್ತು 57 ಮೀಟರ್ ದೂರದಲ್ಲಿದ್ದರೆ ಒಂದು ಮೀಟರಿನದು, 57 ಕಿಲೋಮೀಟರಿನಲ್ಲಿದ್ದರೆ ಒಂದು ಕಿಲೋಮೀಟರಿನದು. "ಬಸ್ಸಿನಷ್ಟು ದೊಡ್ಡದು, ಗಂಟೆಗೆ ಸಾವಿರ ಕಿಲೋಮೀಟರ್ ವೇಗ" ಎಂದು ವರದಿಯಲ್ಲಿ ಇದ್ದರೆ ಅನುಭವಿ ತನಿಖಾಧಿಕಾರಿ ಅದರ ಕೆಳಗೆ ಗೆರೆ ಎಳೆದು ಪಕ್ಕಕ್ಕಿಡುತ್ತಾನೆ.

ಫೋಟೋ, ವಿಡಿಯೋ

ಜೂಮ್ ಮಾಡಬೇಡಿ. ಮೊಬೈಲಿನ ಡಿಜಿಟಲ್ ಜೂಮ್ ಕತ್ತಲ ಹಿನ್ನೆಲೆಯಲ್ಲಿ ಫೋಕಸ್ ಸಿಗದೆ ಒಂದು ಚುಕ್ಕಿಯನ್ನು ಹಿಗ್ಗಿಸಿ, ಅಂಚು ಬೆಳಗುವ, ಒಳಗೆ ಅಲೆ ಅಲೆಯಾಗಿ ಮಿಡಿಯುವ ತಟ್ಟೆಯನ್ನಾಗಿ ಮಾಡುತ್ತದೆ. ಅಂತರ್ಜಾಲದಲ್ಲಿ ಓಡಾಡುವ 'ಮಿಡಿಯುವ ಗೋಳ'ಗಳಲ್ಲಿ ಬಹಳಷ್ಟು ಇದೇ. ಸಾಮಾನ್ಯ ಅಗಲದಲ್ಲಿ, ಮರದ ತುದಿಯೋ ಮಾಡೋ ಚೌಕಟ್ಟಿನೊಳಗೆ ಬರುವಂತೆ, ಮೊಬೈಲನ್ನು ಬೇಲಿಗೋ ಕಲ್ಲಿಗೋ ಒರಗಿಸಿ ಎರಡು ನಿಮಿಷ ವಿಡಿಯೋ ತೆಗೆಯಿರಿ. ಕೊನೆಗೆ ಕ್ಯಾಮೆರಾವನ್ನು ನಿಧಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ಅದು ಬೀದಿದೀಪವೋ ಚಂದ್ರನೋ ಗಾಜಿನೊಳಗೆ ಪ್ರತಿಫಲಿಸಿ ಹುಟ್ಟಿದ ಹುಸಿ ಬೆಳಕಾಗಿದ್ದರೆ ಚಿತ್ರದ ನಡುಮಧ್ಯಕ್ಕೆ ಎದುರುಬದುರಾಗಿ, ದೀಪ ಎಡಕ್ಕೆ ಸರಿದರೆ ತಾನು ಬಲಕ್ಕೆ ಸರಿಯುತ್ತದೆ. ಹೋಂಸ್ಟೇ ಕೋಣೆಯ ಕಿಟಕಿ ಗಾಜಿನ ಹಿಂದಿನಿಂದ ತೆಗೆದ ಫೋಟೋಗಂತೂ ಬೆಲೆಯೇ ಇಲ್ಲ, ಹೊರಗೆ ಬನ್ನಿ.

ಮೂಲ ಕಡತವನ್ನು ಮುಟ್ಟಬೇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಜೊತೆಗಿದ್ದ ಸಮಯ-ಸ್ಥಳ-ಎಕ್ಸ್‌ಪೋಶರ್ ಮಾಹಿತಿಯೂ ಉದುರಿಹೋಗುತ್ತದೆ. 'ಡಾಕ್ಯುಮೆಂಟ್' ಆಯ್ಕೆಯಲ್ಲಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ಇಳಿಸಿಕೊಳ್ಳಿ. ತನಿಖೆಯಲ್ಲಿ ಮೊದಲು ಕೇಳುವುದೇ ಈ ಮೂಲ ಕಡತವನ್ನು.

ಮಾರನೆಯ ಸಂಜೆಯ ಪರೀಕ್ಷೆ

ಖರ್ಚಿಲ್ಲದ, ಆ್ಯಪ್ ಬೇಡದ, ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಇದು. ಬಹಳ ಜನ ಮಾಡುವುದೇ ಇಲ್ಲ.

ಮಾರನೆಯ ದಿನ ಅದೇ ಜಾಗಕ್ಕೆ, ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ. ಅದೇ ಜಾಗವೆಂದರೆ ಅದೇ ಅಂಗಳ ಎಂದಲ್ಲ, ಅದೇ ಹೆಜ್ಜೆ. 57 ಮೀಟರ್ ದೂರದ ಮರವನ್ನು ಗುರುತಿಗೆ ಇಟ್ಟುಕೊಂಡು ನೀವು ಒಂದು ಮೀಟರ್ ಪಕ್ಕಕ್ಕೆ ನಿಂತರೆ ಆಕಾಶದಲ್ಲಿ ಒಂದು ಡಿಗ್ರಿ ತಪ್ಪುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿ ಎಂದರೆ ನಾಲ್ಕು ನಿಮಿಷ. ಮೊದಲ ದಿನವೇ ನಿಂತ ಕಡೆ ಒಂದು ಕಲ್ಲಿಟ್ಟು ಬರುವುದು ಇದಕ್ಕೇ.

ನಕ್ಷತ್ರಗಳು ದಿನಕ್ಕೆ 3 ನಿಮಿಷ 56 ಸೆಕೆಂಡು ಬೇಗ ಅದೇ ಜಾಗಕ್ಕೆ ಬರುತ್ತವೆ. ಸೋಮವಾರ 7:20ಕ್ಕೆ ಸಿಲ್ವರ್ ಓಕ್ ತುದಿಗೆ ತಾಗಿದ ಬೆಳಕು ಶನಿವಾರ ಸರಿಸುಮಾರು 7:00ಕ್ಕೆ ತಾಗಿದರೆ ಅದು ನಕ್ಷತ್ರ, ಮುಂದೆ ಮಾತಿಲ್ಲ. ಗ್ರಹವಾದರೆ ಲೆಕ್ಕ ತುಸು ಹೆಚ್ಚುಕಡಿಮೆ, ಆದರೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮತ್ತೆ ಇದ್ದೇ ಇರುತ್ತದೆ. ಶುಕ್ರ ದಿನದಿಂದ ದಿನಕ್ಕೆ ಜಾಗ ಬದಲಿಸಿದರೂ ಒಂದೇ ರಾತ್ರಿಯಲ್ಲಿ ಊರು ಬಿಟ್ಟು ಹೋಗುವುದಿಲ್ಲ. ಗಡಿಯಾರದ ಪ್ರಕಾರ ಅದೇ ನಿಮಿಷಕ್ಕೆ, ನಾಲ್ಕು ನಿಮಿಷ ಮುಂಚೆ ಬಾರದೆ, ಮತ್ತೆ ಬಂದರೆ ಅದು ವೇಳಾಪಟ್ಟಿ ಇರುವ ವಸ್ತು: ವಿಮಾನ. ಮತ್ತೆ ಬರಲೇ ಇಲ್ಲವೆಂದರೆ ಉಪಗ್ರಹ, ಬಲೂನು, ಡ್ರೋನು, ಪಟಾಕಿ, ಉಲ್ಕೆ ಎಂಬ ಪಟ್ಟಿ ತೆರೆಯಬೇಕು.

ಇದೇ ತತ್ವದಿಂದ ಬಿಡಿಸಿದ ದೊಡ್ಡ ಪ್ರಕರಣವೂ ನಮ್ಮ ದೇಶದಲ್ಲಿದೆ. ಲಡಾಖ್ ಗಡಿಯಲ್ಲಿ 2012ರಿಂದ 2013ರ ಆರಂಭದವರೆಗೆ ಸೈನಿಕರು ರಾತ್ರಿ ಕಂಡ ಬೆಳಕುಗಳನ್ನು ನೂರಾರು ಸಲ ದಾಖಲಿಸಿದ್ದರು, ಗಡಿಯಾಚೆಯ ಡ್ರೋನ್ ಎಂಬ ಅನುಮಾನವಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹಿನ್ನೆಲೆಯ ನಕ್ಷತ್ರಗಳಿಗೆ ಹೋಲಿಸಿ ಅವುಗಳ ಚಲನೆ ಗಮನಿಸಿದಾಗ ಸಿಕ್ಕಿದ್ದು ಶುಕ್ರ ಮತ್ತು ಗುರು. ತರಬೇತಾದ ಸೈನಿಕರಿಗೇ ಹೀಗಾಗಬಹುದಾದರೆ ಹೋಂಸ್ಟೇಗೆ ಬಂದ ಪ್ರವಾಸಿಗರನ್ನು ನೋಡಿ ನಗುವುದು ನ್ಯಾಯವಲ್ಲ.

ಕೊಡಗಿನ ಆಕಾಶದಲ್ಲಿ ಮೊದಲು ಯಾವುದನ್ನು ಅನುಮಾನಿಸಬೇಕು

ಕಣ್ಣೂರು ವಿಮಾನ ನಿಲ್ದಾಣ. 2018ರ ಡಿಸೆಂಬರ್ 9ರಂದು ಶುರುವಾದ ಇದು ವಿರಾಜಪೇಟೆಯಿಂದ ನೇರ ರೇಖೆಯಲ್ಲಿ ಸುಮಾರು 40 ಕಿಲೋಮೀಟರ್, ನೈಋತ್ಯ ದಿಕ್ಕಿಗೆ. ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿದೆ. ಸಮುದ್ರದ ಕಡೆಯಿಂದ ಇಳಿಯಲು ಬರುವ ವಿಮಾನದ ಲ್ಯಾಂಡಿಂಗ್ ದೀಪ ನಮ್ಮ ಗುಡ್ಡಗಳತ್ತಲೇ ಮುಖ ಮಾಡಿರುತ್ತದೆ. ನೇರ ನಿಮ್ಮ ಕಡೆಗೆ ಬರುವ ವಸ್ತು ಪಕ್ಕಕ್ಕೆ ಸರಿಯುವುದಿಲ್ಲ, ನಿಂತಂತೆಯೇ ಕಾಣುತ್ತದೆ. ಇಳಿಯುವ ವಿಮಾನ ನಿಮಿಷಕ್ಕೆ ನಾಲ್ಕೈದು ಕಿಲೋಮೀಟರ್ ಬರುತ್ತದೆ ಎಂದಿಟ್ಟುಕೊಳ್ಳಿ. 30 ಕಿಲೋಮೀಟರಿಗೆ ಆರೇಳು ನಿಮಿಷ. ಅಷ್ಟೂ ಹೊತ್ತು ಅಲುಗದ ಒಂದು ಬಿಳಿ ಬೆಳಕು, ಸದ್ದಿಲ್ಲ, ಕೊನೆಗೆ ನಡುವಿನ ಏಣು ಅಡ್ಡ ಬಂದಾಗ ತಟ್ಟನೆ ಇಲ್ಲ. ತಡಿಯಂಡಮೋಳ್ ಕಡೆಯಿಂದಲೂ ಮಾಕುಟ್ಟದ ಮೇಲಿನ ಗುಡ್ಡಗಳಿಂದಲೂ ಇದು ಚೆನ್ನಾಗಿ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಎರಡು ಬದಿಯ ದೀಪ ನೋಡಿ: ನಿಮ್ಮತ್ತ ಬರುತ್ತಿದ್ದರೆ ಕೆಂಪು ನಿಮ್ಮ ಬಲಕ್ಕೆ, ಹಸಿರು ಎಡಕ್ಕೆ. ದೂರ ಹೋಗುತ್ತಿದ್ದರೆ ಮುಖ್ಯವಾಗಿ ಕಾಣುವುದು ಹಿಂಬದಿಯ ಬಿಳಿ ದೀಪ. ವಾಯವ್ಯದಲ್ಲಿ ಮಂಗಳೂರು, ಪೂರ್ವದಲ್ಲಿ ಮೈಸೂರು ನಿಲ್ದಾಣಗಳನ್ನೂ ಮರೆಯಬಾರದು.

ಅಗಸ್ತ್ಯ ನಕ್ಷತ್ರ (ಕೆನೋಪಸ್). ಕಾವೇರಿಯನ್ನು ಕಮಂಡಲದಲ್ಲಿ ಹಿಡಿದಿಟ್ಟ ಋಷಿಯ ಹೆಸರಿನದು. ಕೊಡಗಿನಲ್ಲಿ ಇದರಿಂದಲೇ ಮೋಸ ಹೋಗುವುದು ಒಂದು ತಮಾಷೆ. ಇಡೀ ಆಕಾಶದಲ್ಲಿ ಲುಬ್ಧಕ (ಸಿರಿಯಸ್) ನಕ್ಷತ್ರದ ನಂತರ ಇದೇ ಪ್ರಕಾಶಮಾನ, ಆದರೆ ಮಡಿಕೇರಿಯಿಂದ ಎಷ್ಟೇ ಏರಿದರೂ 25 ಡಿಗ್ರಿ ದಾಟುವುದಿಲ್ಲ. ಫೆಬ್ರವರಿಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನೇರ ದಕ್ಷಿಣದಲ್ಲಿರುತ್ತದೆ. ಏರುವಾಗಲೂ ಇಳಿಯುವಾಗಲೂ ದಟ್ಟ ಗಾಳಿಯ ಮೂಲಕ ಕಾಣುವುದರಿಂದ ಕೆಂಪು, ಹಸಿರು, ನೀಲಿ ಎಂದು ಬಣ್ಣ ಬದಲಿಸುತ್ತಾ ಪೊಲೀಸ್ ಜೀಪಿನ ದೀಪದಂತೆ ಮಿನುಗುತ್ತದೆ. "ದಕ್ಷಿಣದಲ್ಲಿ, ಗುಡ್ಡದ ಮೇಲೆ, ಬಣ್ಣ ಬದಲಿಸುತ್ತಿತ್ತು, ಗಂಟೆಗಟ್ಟಲೆ ಇತ್ತು" ಎಂಬ ಡಿಸೆಂಬರ್-ಮಾರ್ಚ್ ವರದಿ ಬಂದರೆ ಮೊದಲು ಅಗಸ್ತ್ಯನನ್ನು ನೋಡಿ, ಆಮೇಲೆ ಲುಬ್ಧಕವನ್ನು.

ಗುಡ್ಡದ ಮೇಲಿನ ಬೆಳಕುಗಳು. ಕತ್ತಲಲ್ಲಿ ಗುಡ್ಡವೇ ಕಾಣದು, ಅದರ ಮೇಲಿನ ದೀಪ ಮಾತ್ರ ಕಾಣುತ್ತದೆ, ಅದಕ್ಕೇ ಅದು ಆಕಾಶದಲ್ಲಿ ತೇಲುತ್ತದೆ. ಸಂಪಾಜೆ ಘಾಟಿಯಲ್ಲಿ ತಿರುವು ಹತ್ತುವ ಲಾರಿ ಒಂದು ಕ್ಷಣ ಹೆಡ್‌ಲೈಟನ್ನು ನಿಮ್ಮತ್ತ ಎಸೆದು ಮರೆಯಾಗುತ್ತದೆ. ಮಂಡಲಪಟ್ಟಿಯಿಂದ ತಡವಾಗಿ ಇಳಿಯುವ ಜೀಪುಗಳೂ ಹಾಗೆಯೇ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂಮಳೆ ಕೈಕೊಟ್ಟರೆ ತೋಟಗಳಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್ ಓಡುತ್ತದೆ, ಪೈಪು ಬದಲಿಸುವವರ ತಲೆದೀಪಗಳು ಇಳಿಜಾರಿನಲ್ಲಿ ಮೇಲೆ ಕೆಳಗೆ ಅಲೆಯುತ್ತವೆ. ಅದೇ ತಿಂಗಳುಗಳಲ್ಲಿ ಹುಲ್ಲುಗಾವಲಿಗೆ ಬಿದ್ದ ಕಿಚ್ಚು ದೂರದಿಂದ ಕೆಂಪು ಹಾರದಂತೆ ತೂಗುತ್ತದೆ. ಆನೆ ಓಡಿಸುವವರ ಟಾರ್ಚು, ಪಟಾಕಿಗೆ ಕಾಲವಿಲ್ಲ. ಪರೀಕ್ಷೆ ಸರಳ: ಬೆಳಕು ಕಂಡ ದಿಕ್ಕಿನ ಫೋಟೋವನ್ನು ಹಗಲಲ್ಲಿ ಅದೇ ಹೆಜ್ಜೆಯಿಂದ ತೆಗೆದು, ರಾತ್ರಿಯ ಚಿತ್ರದ ಮೇಲೆ ಹೊಂದಿಸಿ ನೋಡಿ. ಬೆಳಕು ಗುಡ್ಡದ ಅಂಚಿನ ಕೆಳಗೆ ಬಿದ್ದರೆ ಆಕಾಶದ ವಿಚಾರ ಅಲ್ಲಿಗೆ ಮುಗಿಯಿತು.

ಉಪಗ್ರಹಗಳು. ಹೊಸದಾಗಿ ಬಿಟ್ಟ ಸ್ಟಾರ್‌ಲಿಂಕ್ ಉಪಗ್ರಹಗಳು ಪೋಣಿಸಿದ ಮಣಿಯಂತೆ ಸಾಲಾಗಿ ಬಂದು ಒಂದೊಂದಾಗಿ ಆರುತ್ತವೆ. ಆರುವುದು ಭೂಮಿಯ ನೆರಳಿಗೆ ಹೊಕ್ಕಾಗ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 400 ಕಿಲೋಮೀಟರ್ ಮೇಲೆ, ಹೆಚ್ಚೆಂದರೆ ಆರೇಳು ನಿಮಿಷ ಕಾಣುತ್ತದೆ, ವಾಯವ್ಯದಿಂದ ಆಗ್ನೇಯಕ್ಕೋ ನೈಋತ್ಯದಿಂದ ಈಶಾನ್ಯಕ್ಕೋ ಓರೆಯಾಗಿ ಹಾಯುತ್ತದೆ. ಇವೆಲ್ಲ ಸಂಜೆಯ, ಮುಂಜಾವಿನ ಸಂಗತಿ. ನಡುರಾತ್ರಿ ನೆತ್ತಿಯ ಮೇಲೆ ಸ್ಥಿರವಾಗಿ ಬೆಳಗುತ್ತಾ ಸರಿದದ್ದು ಕೆಳಕಕ್ಷೆಯ ಉಪಗ್ರಹವಾಗಿರಲಾರದು; ಕೊಡಗಿನ ಅಕ್ಷಾಂಶದಲ್ಲಿ ಆ ಹೊತ್ತಿಗೆ ಅವು ನೆರಳಿನಲ್ಲಿರುತ್ತವೆ.

ರಾಕೆಟ್ಟು, ಕ್ಷಿಪಣಿ. ನೆಲಕ್ಕೆ ಕತ್ತಲಾಗಿ ಮೇಲೆ ಬಿಸಿಲಿರುವ ಹೊತ್ತಿನಲ್ಲಿ ಹೊಗೆಯ ಬಾಲ ನೂರಾರು ಕಿಲೋಮೀಟರ್ ದೂರಕ್ಕೆ ಹೊಳೆಯುತ್ತದೆ. 2022ರ ಡಿಸೆಂಬರ್ 15ರ ಸಂಜೆ ಬಂಗಾಳ, ಒಡಿಶಾದ ಜನರನ್ನು ಗಾಬರಿಗೊಳಿಸಿದ ಬೆಳಕು ಅಗ್ನಿ-5ರ ಪರೀಕ್ಷೆಯ ಹೊತ್ತಿನದು. ಅದೇ ವರ್ಷ ಏಪ್ರಿಲ್ 2ರಂದು ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದ ಮೇಲೆ ಉರಿಯುತ್ತಾ ಸಾಗಿದ್ದು ಚೀನಾದ ರಾಕೆಟ್ಟಿನ ತುಂಡುಗಳು. ಚಂದ್ರಾಪುರ ಜಿಲ್ಲೆಯಲ್ಲಿ ಲೋಹದ ಬಳೆಯೇ ಬಿತ್ತು. ಉಲ್ಕೆ ಒಂದೆರಡು, ಹೆಚ್ಚೆಂದರೆ ಹತ್ತು ಸೆಕೆಂಡಿನ ಆಟ. ತುಂಡು ತುಂಡಾಗಿ ಒಂದು ನಿಮಿಷ ನಿಧಾನವಾಗಿ ದಾಟಿದರೆ ಅದು ಮರಳಿ ಬೀಳುತ್ತಿರುವ ರಾಕೆಟ್ ಭಾಗ.

ಬಲೂನುಗಳು. ಹವಾಮಾನ ಇಲಾಖೆಯ ಬಲೂನುಗಳು ದಿನಕ್ಕೆ ಎರಡು ಸಲ, ಬೆಳಗ್ಗೆ ಮತ್ತು ಸಂಜೆ 5:30ರ ಅಳತೆಗಾಗಿ ಏರುತ್ತವೆ. ಮಂಗಳೂರು, ಬೆಂಗಳೂರುಗಳಲ್ಲಿ ಕೇಂದ್ರಗಳಿವೆ. ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಒಡೆಯುತ್ತವೆ. ಸಂಜೆ ನೆಲ ಕತ್ತಲಾದ ಮೇಲೂ ಅಲ್ಲಿ ಬಿಸಿಲಿರುವುದರಿಂದ ಬಿಳಿ ಮುತ್ತಿನಂತೆ ಹೊಳೆಯುತ್ತವೆ. ಹೈದರಾಬಾದಿನ ಟಾಟಾ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಹಾರುವ ಭಾರೀ ಬಲೂನುಗಳು ಬೇರೆ. 2022ರ ಡಿಸೆಂಬರಿನಲ್ಲಿ ಅಲ್ಲಿಂದ ಹಾರಿದ ಒಂದು ಕ್ಯಾಪ್ಸೂಲು ವಿಕಾರಾಬಾದ್ ಜಿಲ್ಲೆಯ ಹೊಲದಲ್ಲಿಳಿದು ಊರಿಗೆ ಊರೇ ನೆರೆದಿತ್ತು.

ಇನ್ನುಳಿದವು ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತವೆ. ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿಯ ಗುಂಡು-ಪಟಾಕಿ, ಮಡಿಕೇರಿ ದಸರಾದ ದಶಮಂಟಪದ ದೀಪಗಳು ತಗ್ಗುಮೋಡಕ್ಕೆ ಬಡಿದು ಸುತ್ತುವ ವೃತ್ತಗಳು, ಹೊಸವರ್ಷಕ್ಕೆ ಹೋಂಸ್ಟೇಗಳಿಂದ ಏರುವ ಕಾಗದದ ಲಾಟೀನು, ಮೇ ಕೊನೆಯ ಮಿಂಚುಹುಳು. ಡ್ರೋನಿನ ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ; ಒಂದು ಗಂಟೆ ನಿಂತ ಬೆಳಕಿಗೆ ಮದುವೆ ಕ್ಯಾಮೆರಾದವರನ್ನು ದೂರಬೇಡಿ.

ಸಾಕ್ಷಿಗಳನ್ನು ಮಾತಾಡಿಸುವ ಬಗೆ

ಒಬ್ಬೊಬ್ಬರನ್ನೇ ಕೂರಿಸಿ. ಒಟ್ಟಿಗೆ ಕೂತರೆ ಜೋರು ದನಿಯವರ ಕಥೆಯೇ ಎಲ್ಲರದಾಗುತ್ತದೆ. ಮಾತಿಗೆ ಮೊದಲು ಕಾಗದ ಕೊಟ್ಟು ಚಿತ್ರ ಬರೆಸಿ, ಕೆಳಗೆ ಸಹಿ ಹಾಕಿಸಿ. "ದುಂಡಗಿತ್ತಾ?" ಎಂದು ಕೇಳಿದರೆ ದುಂಡಗಾಗುತ್ತದೆ, "ಏನು ಕಂಡಿತು, ಮೊದಲಿಂದ ಹೇಳಿ" ಎಂದು ಬಿಟ್ಟುಬಿಡಿ, ನಡುವೆ ಬಾಯಿ ಹಾಕಬೇಡಿ. ಸಮಯ ನೆನಪಿಲ್ಲದವರಿಗೆ ದಿನದ ಕೊಂಡಿ ಹುಡುಕಿ: ಕರೆಂಟು ಹೋಗುವ ಮೊದಲೋ ಆಮೇಲೋ, ಕೊನೆಯ ಬಸ್ಸು ದಾಟಿತ್ತೋ, ಹಾಲು ಹಾಕಿ ಬಂದಿದ್ದರೋ. ಫೋನಿನ ಕರೆಪಟ್ಟಿ ಇನ್ನೂ ಒಳ್ಳೆಯದು, ಕಂಡ ಕೂಡಲೇ ಯಾರಿಗಾದರೂ ಕರೆ ಮಾಡಿಯೇ ಇರುತ್ತಾರೆ.

ನಂತರ ಅದೇ ಜಾಗಕ್ಕೆ ಕರೆದೊಯ್ದು ಕೋಲಿನಿಂದ ತೋರಿಸಲು ಹೇಳಿ, ಕೋಲಿನ ಓರೆಯನ್ನು ಮೊಬೈಲಿನಿಂದ ಅಳೆಯಿರಿ. "ನೆತ್ತಿಯ ಮೇಲಿತ್ತು" ಎಂದವರ ಕೋಲು ಮೂವತ್ತು-ನಲವತ್ತು ಡಿಗ್ರಿಯಲ್ಲಿ ನಿಲ್ಲುವುದು ಮಾಮೂಲು. ಎಷ್ಟು ಹೊತ್ತು ಇತ್ತು ಎಂಬುದಕ್ಕೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮತ್ತೆ ನಡೆಸಿ, ಶುರು-ಮುಗಿಯಿತು ಎನ್ನಲು ಹೇಳಿ ಗಡಿಯಾರ ಹಿಡಿಯಿರಿ. ಹತ್ತು ನಿಮಿಷ ಎಂದದ್ದು ಎರಡೂವರೆಗೆ ಇಳಿಯುತ್ತದೆ. ಗಾತ್ರಕ್ಕೆ ತೆಂಗಿನಕಾಯಿ, ಬುಟ್ಟಿ ಹೋಲಿಕೆ ಬೇಡ, ಕೈ ಚಾಚಿದ ಕಿರುಬೆರಳು ಅದನ್ನು ಮುಚ್ಚುತ್ತಿತ್ತೇ ಎಂದು ಕೇಳಿ.

ಎರಡು ಊರಿನವರು ಒಂದೇ ನಿಮಿಷಕ್ಕೆ ಕಂಡಿದ್ದರೆ ಅದೃಷ್ಟ. ಆಗ ಮಾತ್ರ ದೂರ ಸಿಗುತ್ತದೆ. ಬೆಳಕಿನ ದಿಕ್ಕಿಗೆ ಅಡ್ಡವಾಗಿ 3 ಕಿಲೋಮೀಟರ್ ಅಂತರದಲ್ಲಿರುವ ಇಬ್ಬರ ದಿಕ್ಸೂಚಿ ಓದಿನಲ್ಲಿ 10 ಡಿಗ್ರಿ ವ್ಯತ್ಯಾಸವಿದ್ದರೆ ವಸ್ತು ಸುಮಾರು 17 ಕಿಲೋಮೀಟರ್ ದೂರ. ಆದರೆ ಓದಿನಲ್ಲಿ ಮೂರು ಡಿಗ್ರಿ ತಪ್ಪಿದರೂ ಉತ್ತರ 13ರಿಂದ 24 ಕಿಲೋಮೀಟರಿನವರೆಗೆ ಜಗ್ಗುತ್ತದೆ. ಆದ್ದರಿಂದ ಒಂದೇ ಅಂಕಿ ಬರೆಯಬೇಡಿ, ಎರಡು ಎಲ್ಲೆಗಳನ್ನೂ ಬರೆಯಿರಿ. ವ್ಯತ್ಯಾಸ ಎರಡೇ ಡಿಗ್ರಿ ಎಂದಾದರೆ ವಸ್ತು ದೂರದಲ್ಲಿದೆ ಎಂಬುದರಾಚೆ ಏನೂ ಹೇಳಲಾಗದು.

ದಾಖಲೆ ಪರಿಶೀಲನೆ: ಬೇಗ ಅಳಿಯುವುದನ್ನು ಮೊದಲು ನೋಡಿ

ಸಿಸಿಟಿವಿ ಮೊದಲು. ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುವ ಯಂತ್ರ ಅದು. ಪೆಟ್ರೋಲ್ ಬಂಕು, ಹೋಂಸ್ಟೇ ಗೇಟುಗಳಲ್ಲಿ ಮಾರನೆಯ ದಿನವೇ ಕೇಳಿ, ಅದರ ಗಡಿಯಾರ ಎಷ್ಟು ತಪ್ಪಿದೆ ಎಂದೂ ಬರೆದುಕೊಳ್ಳಿ. ಎರಡನೆಯದು ವಿಮಾನಗಳ ಹಾದಿ ತೋರಿಸುವ ತಾಣ ಫ್ಲೈಟ್‌ರೇಡಾರ್24. ಹಣ ಕೊಡದವರಿಗೆ ಹಿಂದಿನ ಏಳು ದಿನಗಳ ಹಾರಾಟ ಮಾತ್ರ ಸಿಗುತ್ತದೆ. ಅದರಲ್ಲಿ ವಿಮಾನ ಕಾಣಲಿಲ್ಲವೆಂದರೆ ವಿಮಾನವೇ ಇರಲಿಲ್ಲ ಎಂದಲ್ಲ: ತಗ್ಗಿನಲ್ಲಿ ಹಾರುವುದರ ಸಂಕೇತ ಪಶ್ಚಿಮಘಟ್ಟದ ಗೋಡೆ ದಾಟಿ ರಿಸೀವರಿಗೆ ತಲುಪದಿರಬಹುದು, ಸೇನೆಯ ವಿಮಾನಗಳು ತೋರುವುದೂ ಅಪರೂಪ. ನಂತರ ಉಪಗ್ರಹಗಳಿಗೆ ಹೆವೆನ್ಸ್-ಅಬವ್ ತಾಣ, ಗ್ರಹ-ನಕ್ಷತ್ರಗಳಿಗೆ ಸ್ಟೆಲೇರಿಯಂ. ಸ್ಟೆಲೇರಿಯಂನಲ್ಲಿ ಊರಿನ ಹೆಸರು ಒತ್ತಿ ಸುಮ್ಮನಾಗದೆ ನಿಂತ ಜಾಗದ ಅಕ್ಷಾಂಶ-ರೇಖಾಂಶ, ಭಾರತೀಯ ಕಾಲಮಾನ ಎರಡನ್ನೂ ಖಾತ್ರಿ ಮಾಡಿಕೊಳ್ಳಿ. ಕಾಲಮಾನ ತಪ್ಪಿದರೆ ಐದೂವರೆ ಗಂಟೆ ಆಚೀಚಿನ ಆಕಾಶ ತೋರಿಸುತ್ತದೆ. ಉಡಾವಣೆ, ಕ್ಷಿಪಣಿ ಪರೀಕ್ಷೆಗಳಿಗೆ ಮೊದಲೇ ಪೈಲಟ್‌ಗಳಿಗಾಗಿ 'ನೋಟಾಮ್' ಸೂಚನೆ ಹೊರಡುತ್ತದೆ, ಅದನ್ನೂ ಹುಡುಕಿ. ಮಿಂಚಿಗೆ 'ದಾಮಿನಿ' ಆ್ಯಪ್, ಕಾಳ್ಗಿಚ್ಚಿಗೆ ನಾಸಾದ 'ಫರ್ಮ್ಸ್' ನಕ್ಷೆ.

ಯಾರಿಗೆ ತಿಳಿಸಬೇಕು

ಫ್ರಾನ್ಸಿನಲ್ಲಿ ಇದಕ್ಕೆಂದೇ ಕಚೇರಿ ಇದೆ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ 1977ರಲ್ಲಿ ಟುಲೂಸ್‌ನಲ್ಲಿ ಶುರು ಮಾಡಿದ ಘಟಕ ಈಗ 'ಗೀಪಾನ್' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಸ್ಥಳೀಯ ಪೊಲೀಸರು ಹೇಳಿಕೆ ಬರೆದುಕೊಂಡು ಕಳಿಸುತ್ತಾರೆ, ಕಡತಗಳು ಸಾರ್ವಜನಿಕ. ಬ್ರಿಟನ್ನಿನ ರಕ್ಷಣಾ ಇಲಾಖೆ ರಕ್ಷಣೆಗೆ ಉಪಯೋಗವಿಲ್ಲವೆಂದು 2009ರಲ್ಲಿ ಇಂಥ ವರದಿ ಪಡೆಯುವ ತನ್ನ ವಿಭಾಗವನ್ನೇ ಮುಚ್ಚಿತು. ಅಮೆರಿಕದಲ್ಲಿ 2022ರಿಂದ 'ಆರೋ' ಕಚೇರಿ ಇದೆ. ನಮ್ಮಲ್ಲಿ ಸಾರ್ವಜನಿಕರ ವರದಿ ತೆಗೆದುಕೊಳ್ಳುವ ಅಂಥ ಕಿಟಕಿ ಇಲ್ಲವಾದ್ದರಿಂದ, ಅಪಾಯ ಯಾವ ಬಗೆಯದು ಎಂಬುದರ ಮೇಲೆ ದಾರಿ ಆರಿಸಬೇಕು.

ಬೆಂಕಿ, ಬಿದ್ದ ವಸ್ತು, ಅನುಮತಿಯಿಲ್ಲದ ಡ್ರೋನ್ ಆಗಿದ್ದರೆ 112. ಹಾನಿಯಾಗಿದ್ದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077. ವಿಮಾನ ಹಾದಿಗೆ ಅಡ್ಡಿ ಎನಿಸಿದರೆ ಪೊಲೀಸರ ಮೂಲಕ ವಾಯು ಸಂಚಾರ ನಿಯಂತ್ರಣಕ್ಕೆ ಮುಟ್ಟುತ್ತದೆ. ಅಲ್ಲಿಂದ ಮುಂದೆ ವಾಯುಪಡೆಯ ಕೆಲಸ. ಇಂಫಾಲ ನಿಲ್ದಾಣದ ಬಳಿ 2023ರ ನವೆಂಬರ್ 19ರಂದು ಆದದ್ದು ಹಾಗೆಯೇ: ವಿಮಾನ ಸಂಚಾರ ಕೆಲವು ಗಂಟೆ ನಿಂತಿತು, ಹುಡುಕಲು ರಫೇಲ್ ವಿಮಾನಗಳು ಹೋದವು, ಏನೂ ಸಿಗಲಿಲ್ಲ. ಬರೀ ಕುತೂಹಲದ ಬೆಳಕಿಗೆ 112 ಒತ್ತಬೇಡಿ. ಠಾಣೆಗೆ ಹೋದರೆ ಒಂದು ಪುಟದ ಬರಹ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. 'ಯುಎಫ್ಓ' ಎಂಬ ಪದ ಬರೆದರೆ ನಗು ಬರುತ್ತದೆ, ಅರ್ಜಿ ಮೂಲೆ ಸೇರುತ್ತದೆ. "ಗುರುತಿಸಲಾಗದ ಬೆಳಕು, ಇಂಥ ದಿನ, ಇಷ್ಟು ಹೊತ್ತು, ಇಂಥ ದಿಕ್ಕು, ಇಷ್ಟು ಡಿಗ್ರಿ" ಎಂದು ಬರೆದರೆ ಮುಂದಕ್ಕೆ ಹೋಗುತ್ತದೆ.

ಮೇಲೆ ಏನಾಯಿತು ಎಂದು ತಿಳಿಯಲು ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಕೇಂದ್ರದ ಕಚೇರಿಗಳಿಗೆ 500 ಪದ. "ಅದು ಏನಾಗಿತ್ತು?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಿಲ್ಲ. "ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯ ನಡುವೆ ಠಾಣಾ ದಿನಚರಿಯಲ್ಲಿ ಆದ ನಮೂದಿನ ಪ್ರತಿ" ಎಂದು ಇರುವ ದಾಖಲೆಯನ್ನೇ ಕೇಳಿ. ದೇಶದ ಭದ್ರತೆಯ ಕಾರಣಕ್ಕೆ 8(1)(ಎ) ಕಲಮಿನಡಿ ನಿರಾಕರಿಸಬಹುದು. ಕ್ಷಿಪಣಿ ರೂಪಿಸುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ಈ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ, ಇರುವುದರಿಂದ ಅಲ್ಲಿಗೆ ಬರೆದು ಪ್ರಯೋಜನವಿಲ್ಲ.

ಏನಾದರೂ ಬಿದ್ದಿದ್ದರೆ

ದಾರ, ಹರಿದ ರಬ್ಬರು, ಹಗುರವಾದ ಬಿಳಿ ಥರ್ಮೋಕೋಲ್ ಡಬ್ಬಿ ತೋಟದಲ್ಲಿ ಸಿಕ್ಕರೆ ಅದು ಹವಾಮಾನ ಬಲೂನಿನ ಉಪಕರಣ, ಹೆದರಬೇಕಾದ್ದಿಲ್ಲ. ಲೋಹದ ಗೋಳ, ಟ್ಯಾಂಕು, ಬಳೆ ಆಗಿದ್ದರೆ ಕನಿಷ್ಠ ನೂರು ಮೀಟರ್ ದೂರ, ಗಾಳಿ ಬೀಸಿ ಬರುವ ಬದಿಯಲ್ಲಿ ನಿಂತು ಪೊಲೀಸರನ್ನು ಕರೆಯಿರಿ. ರಾಕೆಟ್ ಟ್ಯಾಂಕಿನಲ್ಲಿ ಹೈಡ್ರಜೀನ್ ಎಂಬ ವಿಷದ ಇಂಧನ ಉಳಿದಿರಬಹುದು. ಅದು ಸಿಕ್ಕವರ ಸ್ವತ್ತೂ ಅಲ್ಲ. 1968ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಉಡಾಯಿಸಿದ ದೇಶ ಕೇಳಿದರೆ ಮರಳಿಸಬೇಕು, ಹಾನಿಗೆ ಪರಿಹಾರದ ದಾರಿ 1972ರ ಒಪ್ಪಂದದಲ್ಲಿದೆ. ಗುಜರಿಗೆ ಹಾಕಿದರೆ ಎರಡೂ ಕೈತಪ್ಪುತ್ತದೆ.

ಕಲ್ಲು ಬಿದ್ದಿದೆ ಎಂದು ಬರುವ ವರದಿಗಳಲ್ಲಿ ನಮ್ಮ ಮುರಕಲ್ಲಿನದೇ ಕಾಟ. ಕಬ್ಬಿಣದ ಅಂಶ, ಕೆಂಪು-ಕಪ್ಪು ಬಣ್ಣ, ಸುಟ್ಟಂತೆ ತೂತು ತೂತು. ಉಲ್ಕಾಶಿಲೆಯಲ್ಲಿ ತೂತುಗಳಿರುವುದು ತೀರ ಅಪರೂಪ. ಹೊಸದಾಗಿ ಬಿದ್ದದ್ದರ ಮೇಲೆ ಕಪ್ಪಗೆ, ತೆಳ್ಳಗೆ, ಮೊಟ್ಟೆಯ ಸಿಪ್ಪೆಯಂಥ ಪೊರೆ ಇರುತ್ತದೆ, ಒಡೆದ ಕಡೆ ಒಳಗು ತಿಳಿಬಣ್ಣ. ತೊಳೆಯಬೇಡಿ, ಆಯಸ್ಕಾಂತ ತಾಗಿಸಬೇಡಿ, ಒಳಗಿನ ಕಾಂತೀಯ ಗುರುತು ಅಳಿದುಹೋಗುತ್ತದೆ. ಬಿದ್ದ ಗುಂಡಿಯ ಫೋಟೋ ಅಳತೆಪಟ್ಟಿಯ ಸಮೇತ ತೆಗೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಜಿಲ್ಲಾಡಳಿತದ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಲುಪಿಸಿ. ದೇಶದ ಉಲ್ಕಾಶಿಲೆಗಳ ಅಧಿಕೃತ ಪಾಲಕರು ಅವರೇ.

ಕಡತದ ಮೇಲೆ ಯಾವ ಅಕ್ಷರ

ಫ್ರಾನ್ಸಿನ ಕ್ರಮವನ್ನು ಹಾಗೆಯೇ ತೆಗೆದುಕೊಳ್ಳಬಹುದು. 'ಎ' ಎಂದರೆ ಖಚಿತವಾಗಿ ಗುರುತಾಯಿತು. 'ಬಿ', ಬಹುಶಃ ಗುರುತಾಯಿತು. 'ಸಿ', ಮಾಹಿತಿ ಸಾಲದು. 'ಡಿ', ಮಾಹಿತಿ ಸಾಕಷ್ಟಿದೆ, ತನಿಖೆಯೂ ಆಗಿದೆ, ಆದರೂ ವಿವರಣೆ ಸಿಕ್ಕಿಲ್ಲ. ಸಿ ಮತ್ತು ಡಿ ನಡುವಿನ ಗೆರೆಯನ್ನು ಕಟ್ಟುನಿಟ್ಟಾಗಿ ಕಾಯಬೇಕು. ದಿಕ್ಕು ಗೊತ್ತಿಲ್ಲ, ಸಮಯ "ಎಂಟರಿಂದ ಹತ್ತರೊಳಗೆ", ವಿಡಿಯೋ ನಾಲ್ಕು ಕೈ ದಾಟಿ ಬಂದದ್ದು: ಎಷ್ಟೇ ಮೈನವಿರೇಳಿಸಿದರೂ ಇದು ಸಿ. ಡಿ ಬರೆಯುವ ಮೊದಲು ಕನಿಷ್ಠ ಇಬ್ಬರು ಬೇರೆ ಬೇರೆ ಸಾಕ್ಷಿ, ಅಳೆದ ದಿಕ್ಕು-ಎತ್ತರ, ಮೂಲ ಕಡತ, ಮಾರನೆಯ ಸಂಜೆಯ ಪರೀಕ್ಷೆ, ಮೇಲೆ ಹೇಳಿದ ಪ್ರತಿಯೊಂದು ಪರಿಶೀಲನೆಯ ದಿನಾಂಕ ಮತ್ತು ಫಲಿತಾಂಶ ಕಡತದಲ್ಲಿರಬೇಕು. "ಫ್ಲೈಟ್‌ರೇಡಾರ್ ನೋಡಲಾಗಲಿಲ್ಲ, ಏಳು ದಿನ ದಾಟಿತ್ತು" ಎಂಬಂಥ ಕೊರತೆಯನ್ನೂ ಬರೆದಿಡಿ.

ಸಿ ಎಂದು ಬರೆದ ಕಡತವನ್ನು ಎಸೆಯಬೇಡಿ. ಆರು ತಿಂಗಳ ನಂತರ ಪೊನ್ನಂಪೇಟೆಯವರೊಬ್ಬರು ಮೊಬೈಲು ಬದಲಿಸುವಾಗ ಹಳೆಯ ವಿಡಿಯೋ ಸಿಕ್ಕಿತೆಂದು ತಂದುಕೊಡಬಹುದು, ಅದರಲ್ಲಿ ಗಂಟೆ, ನಿಮಿಷ, ಮರದ ತುದಿ ಮೂರೂ ಇರಬಹುದು.